ಎರಡೇ ಬೆರಳಿಗೆ ತೆರೆಯುವ ಫೋನು

“ನೀನಲ್ಲದೆ ಇನ್ಯಾರು ಹೇಳ್ತಾರೆ?” ಅಮ್ಮ ಕೇಳಿದಳು.

ಮೇಘನ ಶಾಲೆಯ ಬ್ಯಾಗನ್ನು ಇನ್ನೂ ಹೆಗಲಿನಿಂದ ಇಳಿಸಿರಲಿಲ್ಲ. ಖೋಖೋ ಪ್ರಾಕ್ಟೀಸ್ ಮುಗಿಸಿ ಆಗಷ್ಟೇ ಬಂದಿದ್ದಳು. ಒಂದು ಕಾಲಿನ ಶೂ ಬಿಚ್ಚಿಯಾಗಿತ್ತು, ಇನ್ನೊಂದು ಕಾಲಿನದು ಹಾಗೇ ಇತ್ತು.

“ಏನು ಹೇಳಿದ್ದು? ಯಾರಿಗೆ?”

“ಏನೂ ಗೊತ್ತಿಲ್ಲದವರ ಹಾಗೆ ಕೇಳಬೇಡ. ನನ್ನ ರಿಪೋರ್ಟ್ ವಿಷಯ. ಡೈರಿ ಸರೋಜಕ್ಕ ಇವತ್ತು ಅಜ್ಜಿ ಹತ್ರ ಹೇಳಿದಾರೆ. ಎಂಟು ಜನರ ಎದುರಿಗೆ.”

ಒಳಗಿನ ಕೋಣೆಯಿಂದ ಅಜ್ಜಿ ಮೂಗು ಒರೆಸಿಕೊಳ್ಳುವ ಸದ್ದು ಕೇಳುತ್ತಿತ್ತು. ಸಂಜೆಯ ಹಾಲು ಹಾಕಲು ಡೈರಿಗೆ ಹೋದ ಅಜ್ಜಿ, ಬರುವಾಗ ಅಳುತ್ತಲೇ ಬಂದಿದ್ದಳಂತೆ.

“ನಾನು ಯಾರಿಗೂ ಹೇಳಿಲ್ಲಮ್ಮ.”

“ಹಾಗಾದ್ರೆ ಸರೋಜಕ್ಕಂಗೆ ಕನಸು ಬಿತ್ತಾ?”

ವಿಷಯ ಇಷ್ಟೇ. ಅಮ್ಮನ ಕುತ್ತಿಗೆಯಲ್ಲಿ ಒಂದು ಸಣ್ಣ ಗಂಟು ಕಾಣಿಸಿಕೊಂಡಿತ್ತು. ಶಿವಮೊಗ್ಗದಲ್ಲಿ ಟೆಸ್ಟ್ ಮಾಡಿಸಿದ್ದಳು. ಡಾಕ್ಟರು ಹೆದರುವಂಥದ್ದೇನೂ ಇಲ್ಲ, ಥೈರಾಯ್ಡ್, ಮಾತ್ರೆ ತಗೊಳ್ಳಿ ಎಂದಿದ್ದರು. ಅಜ್ಜಿಗೆ ಬಿ.ಪಿ. ಇರುವುದರಿಂದ ಅವಳಿಗೆ ಹೇಳುವುದು ಬೇಡ ಎಂದು ಅಮ್ಮ ತೀರ್ಮಾನಿಸಿದ್ದಳು. ರಿಪೋರ್ಟಿನ ಫೋಟೋ ತೆಗೆದು ಶಿವಮೊಗ್ಗದ ಶಶಿಕಿರಣ್ ಮಾಮನಿಗೆ ವಾಟ್ಸಾಪ್ ಮಾಡಿದ್ದಳು. ಅದು ಮೇಘನಳ ಕಣ್ಣಿಗೂ ಬಿದ್ದಿತ್ತು. “ಯಾರ ಹತ್ರಾನೂ ಬಾಯಿ ಬಿಡಬಾರದು” ಎಂದು ಅಮ್ಮ ಹೇಳಿದ್ದಳು. ಮೇಘನ ಬಿಟ್ಟಿರಲಿಲ್ಲ. ಬೆಂಚಿನ ಗೆಳತಿ ರಶ್ಮಿಗೂ ಹೇಳಿರಲಿಲ್ಲ.

“ಅಪ್ಪ ಹೇಳಿರಬಹುದಲ್ಲ,” ಎಂದಳು ಮೇಘನ.

ಹಾಗೆ ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಅಪ್ಪ ಲಿಂಗಪ್ಪ ಬಾಳೆಹೊನ್ನೂರು ರೂಟಿನ ಖಾಸಗಿ ಬಸ್ಸಿನ ಡ್ರೈವರ್. ರಸ್ತೆಯಲ್ಲಿ ಹಾರ್ನ್ ಹೊಡೆಯುವಷ್ಟೂ ಅವನು ಮನೆಯಲ್ಲಿ ಮಾತಾಡುವುದಿಲ್ಲ.

“ನಿಮ್ಮಪ್ಪನಾ?” ಅಮ್ಮ ನಗಲೂ ಇಲ್ಲ. “ಮಾಮ ಇರೋದು ಶಿವಮೊಗ್ಗದಲ್ಲಿ, ಅವನಿಗೆ ಈ ಊರಲ್ಲಿ ಒಬ್ಬರ ಪರಿಚಯಾನೂ ಇಲ್ಲ. ರಿಪೋರ್ಟ್ ಬೀರುವಲ್ಲಿದೆ, ಬೀಗ ಹಾಕಿದೆ. ಇನ್ನು ಉಳಿದಿದ್ದು ಈ ಫೋನು. ಇದು ಎರಡೇ ಬೆರಳಿಗೆ ತೆರೆಯೋದು. ಒಂದು ನಂದು, ಇನ್ನೊಂದು ನಿಂದು. ನೀನೇ ಲೆಕ್ಕ ಹಾಕು.”

ಲೆಕ್ಕ ಸರಿಯಾಗಿಯೇ ಇತ್ತು. ಉತ್ತರ ಮಾತ್ರ ತಪ್ಪಾಗಿತ್ತು. ಅದನ್ನು ಹೇಗೆ ತೋರಿಸುವುದೆಂದು ಮೇಘನಳಿಗೆ ತಿಳಿಯಲಿಲ್ಲ.

“ಇವತ್ತು ಅಂಗನವಾಡಿಗೆ ನಾಲ್ಕು ಮಕ್ಕಳು ಬಂದಿಲ್ಲ,” ಎಂದಳು ಅಮ್ಮ. ಅವಳು ಊರಿನ ಅಂಗನವಾಡಿ ಟೀಚರ್. ಮುತ್ತಿನಕೊಪ್ಪದಲ್ಲಿ ಎಲ್ಲರಿಗೂ ಅವಳು ಪ್ರೇಮಕ್ಕ ಟೀಚರ್. “ಯಾಕೆ ಅಂತ ಈಗ ಗೊತ್ತಾಯ್ತು. ಟೀಚರಿಗೆ ಏನೋ ದೊಡ್ಡ ಕಾಯಿಲೆಯಂತೆ, ಮಕ್ಕಳಿಗೆ ಅಂಟಿದ್ರೆ ಅಂತ ಹೆದರಿಕೆಯಂತೆ. ಹದಿನಾಲ್ಕು ವರ್ಷದಿಂದ ಆ ಮಕ್ಕಳ ಮೂಗು ಒರೆಸಿದೀನಿ ನಾನು.”

ಮೇಘನಳಿಗೆ ಅಮ್ಮನ ಮೇಲೆ ಕನಿಕರವೂ ಬಂತು, ಅದಕ್ಕಿಂತ ಹೆಚ್ಚು ಸಿಟ್ಟೂ ಬಂತು.

“ನಾನು ಹೇಳಿಲ್ಲ ಅಂದ್ರೆ ಹೇಳಿಲ್ಲ. ನಂಬೋದಾದ್ರೆ ನಂಬು, ಬಿಡೋದಾದ್ರೆ ಬಿಡು.”

ಅಮ್ಮ ಫೋನ್ ತೆಗೆದು ಸೆಟ್ಟಿಂಗ್ಸ್‌ಗೆ ಹೋದಳು. ಬೆರಳಚ್ಚಿನ ಜಾಗದಲ್ಲಿ ಎರಡು ಹೆಸರಿದ್ದವು. ‘ಪ್ರೇಮ’, ಅದರ ಕೆಳಗೆ ‘ಮೇಘನ’. ಫೋನ್ ತಂದ ದಿನ ಎರಡೂ ಹೆಸರನ್ನು ಟೈಪ್ ಮಾಡಿದ್ದು ಮೇಘನಳೇ. ಅಮ್ಮ ಎರಡನೆಯ ಹೆಸರನ್ನು ಒತ್ತಿದಳು. ಡಿಲೀಟ್ ಮಾಡಲೇ ಎಂದು ಫೋನ್ ಕೇಳಿತು. ಅಮ್ಮ ಹೌದು ಎಂದು ಒತ್ತಿದಳು. ಪಿನ್ ನಂಬರನ್ನೂ ಬದಲಾಯಿಸಿದಳು.

ಇಷ್ಟನ್ನೂ ಮೇಘನ ನಿಂತು ನೋಡಿದಳು. ಬೈದಿದ್ದರೂ, ಬೆನ್ನಿಗೆ ಒಂದು ಬಿಟ್ಟಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಅಮ್ಮ ಹಿತ್ತಲಿಗೆ ಹೋದಾಗ ಅವಳು ಮೆಲ್ಲಗೆ ಫೋನ್ ಎತ್ತಿ ತನ್ನ ಬೆರಳಿಟ್ಟಳು. ಫೋನ್ ಗುರ್ರ್ ಎಂದು ನಡುಗಿ ಸುಮ್ಮನಾಯಿತು. ಗುರುತು ಸಿಗಲಿಲ್ಲವಂತೆ. ನಿನ್ನೆಯವರೆಗೂ ಮುಟ್ಟಿದ ಕೂಡಲೇ ತೆರೆದುಕೊಳ್ಳುತ್ತಿದ್ದ ಫೋನಿಗೆ ಈಗ ಅವಳು ಯಾರೋ ದಾರಿಹೋಕಳು.

ಮಾರನೇ ದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಅಮ್ಮ ಮೇಘನಳನ್ನು ಕಳಿಸಲಿಲ್ಲ, ತಾನೂ ಹೋಗಲಿಲ್ಲ. ಅಪ್ಪನೇ ಬಸ್ಸಿಗೆ ಹೋಗುವ ಮೊದಲು ಹಾಕಿ ಬಂದ. ಮೇಘನ ತಿಂಡಿ ತಿನ್ನದೆ ಶಾಲೆಗೆ ಹೋದಳು. ಯಾರೂ ಒತ್ತಾಯ ಮಾಡಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಇನ್ನಷ್ಟು ಸಿಟ್ಟು ಮಾಡಿಕೊಂಡಳು.

ಶಾಲೆಯಲ್ಲಿ ಮತ್ತೊಂದು ಫಜೀತಿ. ಮೊದಲ ಪಿರಿಯಡ್ ಗಣಿತ. ಮೇಘನ ಹೋಂವರ್ಕ್ ಮಾಡಿರಲಿಲ್ಲ. ರೇಣುಕಾಪ್ರಸಾದ್ ಸರ್ ಹೋಂವರ್ಕ್ ಮಾಡದವರನ್ನು ಬೆಂಚಿನ ಮೇಲೆ ನಿಲ್ಲಿಸದೆ ಬಿಟ್ಟವರಲ್ಲ. ಇವತ್ತು ಅವಳ ಖಾಲಿ ಪುಸ್ತಕ ನೋಡಿ, ತಲೆ ಮೇಲೆ ಕೈಯಿಟ್ಟು, “ಪರವಾಗಿಲ್ಲ ಬಿಡಮ್ಮ, ನಾಳೆ ಮಾಡ್ಕೊಂಡು ಬಾ” ಎಂದರು. ಇಡೀ ಕ್ಲಾಸು ತಿರುಗಿ ನೋಡಿತು. ಮೇಘನಳಿಗೆ ಆ ಕೈಯನ್ನು ಕೊಡವಿ ಬಿಡಬೇಕೆನಿಸಿತು. ದೊಡ್ಡವರು ಕರುಣೆ ತೋರಿಸುವುದಕ್ಕೂ ಒಂದು ಸಮಯ ಸಂದರ್ಭ ನೋಡುವುದಿಲ್ಲ.

ಊಟದ ಬೆಲ್ ಹೊಡೆದಾಗ ರಶ್ಮಿ ಹತ್ತಿರಕ್ಕೆ ಸರಿದು ಕೂತಳು.

“ಮೇಘಾ, ನಿಮ್ಮಮ್ಮಂಗೆ ಹುಷಾರಿಲ್ವಂತೆ, ಹೌದಾ?”

“ನಿಂಗ್ಯಾರೇ ಹೇಳಿದ್ದು?” ಮೇಘನ ತಟ್ಟೆಯನ್ನು ಟಣ್ಣನೆ ಕೆಳಗಿಟ್ಟಳು.

“ನನ್ನ ಮೇಲೆ ಯಾಕೆ ರೇಗ್ತೀಯ ಮಾರಾಯ್ತಿ. ನಮ್ಮಮ್ಮ ಹೇಳಿದ್ಲು. ಅಮ್ಮಂಗೆ ಡೈರಿ ಸರೋಜಕ್ಕ ಹೇಳಿದ್ದಂತೆ.”

“ಸರೋಜಕ್ಕಂಗೆ ನಾನು ಹೇಳಿದೆ ಅಂತಾನೂ ಹೇಳಿದ್ರಾ?”

“ಇಲ್ಲಪ್ಪ. ಕುಮಾರಣ್ಣನ ಅಂಗಡೀಲಿ ಅವರೇ ಕಣ್ಣಾರೆ ನೋಡಿದ್ರಂತೆ. ಕಂಪ್ಯೂಟರಲ್ಲಿ. ನಿಮ್ಮಮ್ಮನ ಹೆಸರು, ವಯಸ್ಸು, ಆಸ್ಪತ್ರೆ ಹೆಸರು ಎಲ್ಲ ಇತ್ತಂತೆ.”

“ಸುಳ್ಳು. ಅದು ಇರೋದು ಅಮ್ಮನ ಫೋನಲ್ಲಿ. ಫೋನ್ ಮನೇಲಿದೆ.”

“ನಂಗೇನು ಗೊತ್ತು. ಅಮ್ಮ ಹೇಳಿದ್ದು ಹೇಳಿದೆ. ನೀನು ಅನ್ನ ಬಿಸಾಡಬೇಡ, ಸರ್ ನೋಡ್ತಿದಾರೆ.”

ಮಧ್ಯಾಹ್ನದ ಮೂರು ಪಿರಿಯಡ್‌ಗಳಲ್ಲಿ ಏನು ಪಾಠ ಆಯಿತು ಎಂದು ಕೇಳಿದರೆ ಮೇಘನ ಹೇಳಲಾರಳು. ಮನೆಯಲ್ಲಿರುವ ಫೋನಿನೊಳಗಿನ ಫೋಟೋ, ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಗೆ ನಡೆದುಕೊಂಡು ಹೋಗುತ್ತದೆಯೇ? ಶಾಲೆ ಬಿಟ್ಟ ಕೂಡಲೇ ಖೋಖೋಗೆ ನಿಲ್ಲದೆ ಅವಳು ಕುಮಾರಣ್ಣನ ಅಂಗಡಿಗೆ ಓಡಿದಳು.

ಅದು ಝೆರಾಕ್ಸ್ ಅಂಗಡಿ. ಅಲ್ಲಿ ಲ್ಯಾಮಿನೇಶನ್, ಅರ್ಜಿ ತುಂಬುವುದು, ಪ್ರಿಂಟು, ಪಾಸ್‌ಪೋರ್ಟ್ ಸೈಜ್ ಫೋಟೋ ಎಲ್ಲವೂ ಆಗುತ್ತದೆ. ಊರಿಗೆ ಇರುವುದು ಇದೊಂದೇ. ಕುಮಾರಣ್ಣ ಒಳ್ಳೆಯವನು. ಮಕ್ಕಳ ಪ್ರಾಜೆಕ್ಟಿಗೆ ಬೇಕಾದ ಚಿತ್ರಗಳನ್ನು ಹುಡುಕಿ ಹುಡುಕಿ ಕೊಡುತ್ತಾನೆ. ಅವನ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಒಂದು ಚೀಟಿ ಅಂಟಿಸಿದೆ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಕಂಪ್ಯೂಟರಿನ ಪಾಸ್‌ವರ್ಡ್ ಬರೆದಿದೆ. ಅವನು ಊಟಕ್ಕೆ ಹೋದಾಗ ಬಂದವರಿಗೆ ತೊಂದರೆಯಾಗಬಾರದಲ್ಲ.

“ಏನು ಬೇಕಮ್ಮ ಮೇಘನ? ಪ್ರಾಜೆಕ್ಟಾ?”

“ಅಲ್ಲ. ಅಮ್ಮನ ವಾಟ್ಸಾಪಲ್ಲಿರೋದು ಒಂದು ಪ್ರಿಂಟ್ ತೆಗೀಬೇಕಿತ್ತು,” ಎಂದಳು. ಅದು ಸುಳ್ಳು. ಆದರೆ ನಿಜ ತಿಳಿಯಲು ಅವಳಿಗೆ ಬೇರೆ ದಾರಿ ಹೊಳೆಯಲಿಲ್ಲ. “ಆದ್ರೆ ಫೋನ್ ತಂದಿಲ್ಲ.”

“ಅಯ್ಯೋ, ಫೋನ್ ಯಾಕೆ ಬೇಕು. ನಿಮ್ಮಮ್ಮ ನಮ್ಮ ರೆಗ್ಯುಲರ್ ಕಸ್ಟಮರ್.”

ಕುಮಾರಣ್ಣ ಮೌಸ್ ಆಡಿಸಿದ. ಪರದೆಯ ಮೇಲೆ ಸಾಲಾಗಿ ಬಣ್ಣಬಣ್ಣದ ವೃತ್ತಗಳು ಬಂದವು. ಒಂದೊಂದರ ಕೆಳಗೆ ಒಂದೊಂದು ಹೆಸರು. ಪ್ರೇಮಕ್ಕ ಟೀಚರ್. ಸರೋಜಕ್ಕ ಡೈರಿ. ರೇಣುಕಾಪ್ರಸಾದ್ ಸರ್. ಸುಬ್ಬಪ್ಪ. ಇನ್ನೂ ನಾಲ್ಕೈದು.

“ಇದೇನು ಕುಮಾರಣ್ಣ?”

“ನನ್ನ ಐಡಿಯಾ,” ಎಂದ ಅವನು ಹೆಮ್ಮೆಯಿಂದ. “ಮೊದಲು ಎಲ್ಲರೂ ನನ್ನ ನಂಬರಿಗೆ ಕಳಿಸ್ತಿದ್ರು. ಊರವರ ಆಧಾರ್ ಕಾರ್ಡೆಲ್ಲ ನನ್ನ ಫೋನಲ್ಲಿ. ಅದು ಸರಿಯಲ್ಲ ಅನ್ನಿಸ್ತು. ಆಮೇಲೆ ಅವರ ವಾಟ್ಸಾಪನ್ನೇ ಈ ಕಂಪ್ಯೂಟರಿಗೆ ಲಿಂಕ್ ಮಾಡಿಸಿದೆ. ಆದ್ರೆ ಇಲ್ಲಿ ನೆಟ್‌ವರ್ಕ್ ನಿಂಗೆ ಗೊತ್ತಲ್ಲ, ಒಂದು ಸಲ ಸ್ಕ್ಯಾನ್ ಆಗೋಕೆ ಅರ್ಧ ಗಂಟೆ. ಅದಕ್ಕೆ ದಿನಾ ಬರೋರಿಗೆ ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಪ್ರೊಫೈಲ್ ಮಾಡಿ, ಲಿಂಕ್ ತೆಗೀದೆ ಹಾಗೇ ಇಟ್ಟೆ. ಬಂದ್ರು, ಹೆಸರು ಒತ್ತಿದ್ರು, ಪ್ರಿಂಟ್ ತಗೊಂಡು ಹೋದ್ರು.”

ಅವನು ‘ಪ್ರೇಮಕ್ಕ ಟೀಚರ್’ ಎಂಬ ವೃತ್ತವನ್ನು ಒತ್ತಿದ.

ಅಮ್ಮನ ವಾಟ್ಸಾಪ್ ಪರದೆಯ ತುಂಬ ತೆರೆದುಕೊಂಡಿತು. ಬೆರಳು ಕೇಳಲಿಲ್ಲ, ಪಿನ್ ಕೇಳಲಿಲ್ಲ. ಅಂಗನವಾಡಿ ಗ್ರೂಪು, ಚಿಕ್ಕಮ್ಮ, ಸೂಪರ್‌ವೈಸರ್ ಮೇಡಂ, ಎಲ್ಲರಿಗಿಂತ ಮೇಲೆ ಶಶಿಕಿರಣ್ ಮಾಮ. ಮೇಘನ ಮಾಮನ ಹೆಸರಿನ ಮೇಲೆ ಒತ್ತಿದಳು. ಮೇಲಕ್ಕೆ ಸರಿಸಿದಾಗ ರಿಪೋರ್ಟಿನ ಫೋಟೋ ಸಿಕ್ಕಿತು. ಫೋನಿನಲ್ಲಿ ಅಂಗೈಯಷ್ಟು ಕಾಣುತ್ತಿದ್ದ ಫೋಟೋ ಇಲ್ಲಿ ಟ್ರೇಯಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಅವಳು ನೋಡುತ್ತಿರುವಂತೆಯೇ ಕೆಳಗೆ ಹೊಸ ಸಾಲು ಮೂಡಿತು. ಅಮ್ಮ ಮನೆಯಲ್ಲಿ ಕೂತು ಆಗಷ್ಟೇ ಮಾಮನಿಗೆ ಕಳಿಸಿದ್ದು.

“ಮೇಘನಾನೇ ಹೇಳಿಬಿಟ್ಟಿದಾಳೆ ಕಣೋ. ಸ್ವಂತ ಮಗಳನ್ನೂ ನಂಬೋ ಹಾಗಿಲ್ಲ.”

ಮೇಘನ ಅಳುತ್ತೇನೆ ಎಂದುಕೊಂಡಳು. ಆದರೆ ಬಾಯಿ ತೆರೆದಾಗ ಬಂದದ್ದು ಅಳುವಲ್ಲ.

“ಯಾರು ಹೇಳಿದ್ದು ನಿಮಗೆ ಇದನ್ನ ತೆರೆದಿಡೋಕೆ?” ಎಂದು ಕೂಗಿದಳು. “ಇದು ನಿಮ್ಮ ಫೋನಾ? ನಿಮ್ಮ ಅಮ್ಮನ ಫೋನಾ? ಇಲ್ಲಿ ಕೂತೋರೆಲ್ಲ ನಮ್ಮಮ್ಮನ ರಿಪೋರ್ಟ್ ಓದಿದ್ದಾರೆ. ಮನೇಲಿ ಎಲ್ಲ ಸೇರಿ ನನ್ನ ಕಳ್ಳಿ ಮಾಡಿದ್ದಾರೆ.”

ಕುಮಾರಣ್ಣನ ಮುಖ ಸಣ್ಣಗಾಯಿತು.

“ನಾನು ಯಾರದ್ದೂ ಓದಲ್ಲಮ್ಮ. ದೇವರಾಣೆ. ಮೊನ್ನೆ ನಿಮ್ಮಮ್ಮ ಫೋನ್ ಮಾಡಿ, ಮಕ್ಕಳ ಲಿಸ್ಟ್ ಇದೆ, ಪ್ರಿಂಟ್ ತೆಗೆದಿಡಿ ಅಂದ್ರು. ಹುಡುಕುವಾಗ ಆ ಫೋಟೋ ಬಂತು. ನಾನು ಪಟ್ಟಂತ ಮುಚ್ಚಿದೆ. ಆದ್ರೆ ಸರೋಜಕ್ಕ ಇಲ್ಲೇ, ಈ ಸ್ಟೂಲಲ್ಲೇ ಕೂತಿದ್ರು. ಅವರ ಡೈರಿ ಶೀಟಿಗೆ ಕಾಯ್ತಾ ಇದ್ರು.”

“ಫೋನಾದ್ರೆ ನೀನ್ಯಾರು ಅಂತ ಕೇಳತ್ತೆ. ನಿಮ್ಮ ಕಂಪ್ಯೂಟರ್ ಯಾಕೆ ಯಾರನ್ನೂ ಕೇಳಲ್ಲ?”

“ಫೋನಿಗೆ ಯಜಮಾನ ಒಬ್ಬನೇ ಅಲ್ವ. ಇದು ಅಂಗಡಿ ಕಂಪ್ಯೂಟರ್. ಬಂದೋರೆಲ್ಲ ಮುಟ್ತಾರೆ. ಯಾರು ಅಂತ ಕೇಳೋದು?” ಎಂದ ಕುಮಾರಣ್ಣ. ಹೇಳಿದ ಮೇಲೆ ತನ್ನ ಮಾತು ತನಗೇ ಸರಿಯಾಗಿ ಕೇಳಿಸಿದವನಂತೆ ಪರದೆಯ ಕಡೆ ನೋಡಿದ.

“ನಿಮ್ಮ ಫೋನ್ ಕೊಡಿ.”

ಅವನು ಕೊಟ್ಟ. ಮೇಘನ ಅಮ್ಮನ ನಂಬರ್ ಒತ್ತಿದಳು.

“ಅಮ್ಮ, ನಾನು. ಕುಮಾರಣ್ಣನ ಅಂಗಡೀಲಿದ್ದೀನಿ. ನೀನು ಈಗ ತಾನೆ ಮಾಮಂಗೆ ಬರೆದಿದ್ದು ಓದ್ತೀನಿ, ಕೇಳು.”

ಅವಳು ಆ ಸಾಲನ್ನು ಓದಿದಳು. ಒಂದು ಪದವನ್ನೂ ಬಿಡದೆ, ಶಾಲೆಯಲ್ಲಿ ಪಾಠ ಓದುವಂತೆ ಗಟ್ಟಿಯಾಗಿ ಓದಿದಳು.

“ಯಾರ ಫೋನಲ್ಲಿ ನೋಡ್ತಿದೀಯ ನೀನು?” ಎಂದಳು ಅಮ್ಮ.

“ಯಾರ ಫೋನಲ್ಲೂ ಅಲ್ಲ. ಇಲ್ಲಿ ಕಂಪ್ಯೂಟರಲ್ಲಿ. ಇದಕ್ಕೆ ನನ್ನ ಬೆರಳೂ ಬೇಡ, ನಿನ್ನ ಬೆರಳೂ ಬೇಡ. ಬಂದು ನೋಡು.”

ಅಮ್ಮ ಬರುತ್ತೇನೆ ಎಂದೂ ಹೇಳದೆ ಫೋನ್ ಇಟ್ಟಳು.

ಅಷ್ಟರಲ್ಲಿ ಗಿಡ್ಡಯ್ಯ ಎಂಬ ಮುದುಕ ಒಂದು ಕಟ್ಟು ಕಾಗದ ತಂದು ಎರಡೆರಡು ಪ್ರತಿ ಬೇಕು ಎಂದ. ಕುಮಾರಣ್ಣ ಹಿಂದಿನ ಝೆರಾಕ್ಸ್ ಮೆಷಿನ್ ಹತ್ತಿರ ಹೋದ. ಮೇಘನ ಕಂಪ್ಯೂಟರಿನ ಮುಂದೆ ಒಬ್ಬಳೇ ಉಳಿದಳು.

ಆ ವೃತ್ತಗಳು ಹಾಗೇ ಇದ್ದವು. ‘ಸರೋಜಕ್ಕ ಡೈರಿ’ ಹಸಿರು ಬಣ್ಣದ್ದು.

ತನ್ನ ಮನೆಯ ನೆಮ್ಮದಿ ಕೆಡಿಸಿದ ಹೆಂಗಸು. ಅಜ್ಜಿಯನ್ನು ಅಳಿಸಿದವಳು. ನಾಲ್ಕು ಮಕ್ಕಳನ್ನು ಅಂಗನವಾಡಿ ಬಿಡಿಸಿದವಳು. ಅವಳೂ ನೋಡಿದ್ದಾಳಲ್ಲ, ನಾನು ನೋಡಿದರೇನು ತಪ್ಪು ಎಂದು ಮೇಘನಳಿಗೆ ಅನಿಸಿತು. ಅನಿಸಿ ಮುಗಿಯುವ ಮೊದಲೇ ಬೆರಳು ಮೌಸನ್ನು ಒತ್ತಿಯಾಗಿತ್ತು.

ಎಲ್ಲಕ್ಕಿಂತ ಮೇಲೆ ‘ಅಮೂಲ್ಯಾ’ ಎಂಬ ಹೆಸರಿತ್ತು. ಅಮೂಲ್ಯಾ ಸರೋಜಕ್ಕನ ಮಗಳು, ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಮೇಘನ ಅದನ್ನು ಒತ್ತಿದಳು.

ಮಾತೆಲ್ಲ ಒಂದೇ ಬದಿಯಲ್ಲಿತ್ತು, ಸರೋಜಕ್ಕನ ಬದಿಯಲ್ಲಿ. ಎದುರಿನ ಬದಿ ಖಾಲಿ.

“ಊಟ ಆಯ್ತಾ ಕೂಸೆ.”

“ಸಿಟ್ಟು ಬಿಡು ಮಗಾ. ಎಂತ ಆದ್ರೂ ಅಮ್ಮ ಅಲ್ವಾ.”

“ಇವತ್ತಾದ್ರೂ ಒಂದು ಫೋನ್ ಮಾಡು.”

“ನಿಂಗೆ ಇಷ್ಟದ ಹಲಸಿನ ಹಪ್ಪಳ ಮಾಡಿಟ್ಟಿದೀನಿ. ಕಳಿಸಲಾ?”

“ಇವತ್ತಾದ್ರೂ.”

ಮೇಘನ ಮೇಲಕ್ಕೆ ಸರಿಸಿದಳು. ನಿನ್ನೆ, ಮೊನ್ನೆ, ಹೋದ ವಾರ, ಹೋದ ತಿಂಗಳು. ಒಂದಕ್ಕೂ ಉತ್ತರವಿರಲಿಲ್ಲ.

ಅವಳು ಬೇಗ ಬೇಗ ಆ ಪುಟ ಮುಚ್ಚಿದಳು. ಕುಮಾರಣ್ಣ ಇನ್ನೂ ಝೆರಾಕ್ಸ್ ಮಾಡುತ್ತಿದ್ದ. ಯಾರೂ ನೋಡಿರಲಿಲ್ಲ. ಆದರೂ ಅವಳ ಕಿವಿ ಬಿಸಿಯಾಗಿತ್ತು. ಸಿಟ್ಟು ಮೊದಲಿನಷ್ಟೇ ಇತ್ತು, ಅದರ ಜೊತೆಗೆ ಇನ್ನೇನೋ ಸೇರಿಕೊಂಡಿತ್ತು. ಅದು ಅವಳಿಗೆ ಬೇಡವಾಗಿತ್ತು.

ಅಮ್ಮ ಸ್ನಾನದ ಮನೆಯ ಚಪ್ಪಲಿಯಲ್ಲೇ ಬಂದಳು. ಪರದೆ ನೋಡಿದಳು. ತನ್ನ ಮಾತುಗಳನ್ನೆಲ್ಲ ಅಷ್ಟು ದೊಡ್ಡದಾಗಿ ನೋಡಿ ಸೆರಗನ್ನು ಕುತ್ತಿಗೆಯ ಸುತ್ತ ಎಳೆದುಕೊಂಡಳು.

“ಕುಮಾರ, ಏನಿದು?”

“ಪ್ರೇಮಕ್ಕ, ನೀವೇ ಹೇಳಿದ್ದಲ್ವ. ದಿನಾ ಸ್ಕ್ಯಾನ್ ಮಾಡ್ತಾ ಕೂರೋಕಾಗಲ್ಲ, ಹಾಗೇ ಇರ್ಲಿ ಬಿಡು ಅಂತ.”

ಅಮ್ಮ ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. “ಹೇಳಿದ್ದೆ,” ಎಂದಳು. “ಪ್ರಿಂಟ್ ಮಾತ್ರ ಬರತ್ತೆ ಅಂದ್ಕೊಂಡಿದ್ದೆ. ಎಲ್ಲಾನೂ ಬರತ್ತೆ ಅಂತ ನಂಗೇನು ಗೊತ್ತು.”

ಮೇಘನ ಅಮ್ಮನ ಫೋನಿನಲ್ಲಿ ಎಲ್ಲಿ ಹೋಗಬೇಕೆಂದು ತೋರಿಸಿದಳು. ಫೋನನ್ನು ಮುಟ್ಟಲಿಲ್ಲ, ದೂರದಿಂದಲೇ ತೋರಿಸಿದಳು. ಮೇಲಿನ ಮೂರು ಚುಕ್ಕೆ, ಅದರೊಳಗೆ ಲಿಂಕ್ಡ್ ಡಿವೈಸಸ್. ಅಲ್ಲಿ ಬರೆದೇ ಇತ್ತು. ಕ್ರೋಮ್, ವಿಂಡೋಸ್, ಆಕ್ಟಿವ್. ಇಷ್ಟು ದಿನವೂ ಬರೆದೇ ಇತ್ತು. ಅಮ್ಮ ಒಂದು ದಿನವೂ ಅಲ್ಲಿಗೆ ಹೋಗಿರಲಿಲ್ಲ, ಮೇಘನಳೂ ಹೋಗಿರಲಿಲ್ಲ.

ಅಮ್ಮ ಲಾಗೌಟ್ ಒತ್ತಿದಳು. ಕಂಪ್ಯೂಟರಿನಲ್ಲಿ ಅವಳ ಮಾತುಗಳೆಲ್ಲ ಒಂದೇ ಸಲ ಮಾಯವಾದವು.

“ಉಳಿದವರದ್ದು?” ಎಂದು ಮೇಘನ ಕೇಳಿದಳು.

“ಅವರೇ ಬಂದು ಹೇಳಲಿ, ತೆಗೀತೀನಿ. ನಾನಾಗೇ ತೆಗೆದ್ರೆ ನಾಳೆ ನನ್ನನ್ನೇ ಬೈತಾರೆ,” ಎಂದ ಕುಮಾರಣ್ಣ. ಆದರೂ ಎದ್ದು ಪರದೆಯ ಮೂಲೆಯ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ದಾರಿಯಲ್ಲಿ ಅಮ್ಮ ಎರಡು ಸಲ ಏನೋ ಹೇಳಲು ಹೋಗಿ ಕೆಮ್ಮಿದಳು. ಶಾಲೆಯ ಕಾಂಪೌಂಡ್ ದಾಟಿದ ಮೇಲೆ, “ತಪ್ಪಾಯ್ತು ಮೇಘಾ,” ಎಂದಳು.

ಈ ಮಾತಿಗಾಗಿ ಮೇಘನ ನಿನ್ನೆ ಸಂಜೆಯಿಂದ ಕಾದಿದ್ದಳು. ಸಿಕ್ಕಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದಳು. ಸರಿಹೋಗಲಿಲ್ಲ.

“ನಾನು ಹೇಳಿಲ್ಲ ಅಂತ ನಿನ್ನೆ ಎಷ್ಟು ಸಲ ಹೇಳಿದೆ,” ಎಂದಳು. “ಕಂಪ್ಯೂಟರ್ ತೋರಿಸಿದ ಮೇಲೆ ನಂಬೋದು ಏನು ದೊಡ್ಡ ವಿಷಯ.”

ಅಮ್ಮ ಮನೆಗೆ ಹೋದವಳೇ ಅಜ್ಜಿಯ ಪಕ್ಕದಲ್ಲಿ ಕೂತು ಗಂಟು, ಟೆಸ್ಟು, ಮಾತ್ರೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅಜ್ಜಿ ಅಮ್ಮನ ಕುತ್ತಿಗೆ ಮುಟ್ಟಿ ನೋಡಿ, “ಇಷ್ಟಕ್ಕೆ ನಿನ್ನೆಯಿಂದ ನನ್ನನ್ನ ಉಪವಾಸ ಕೆಡವಿದ್ರಲ್ಲೇ,” ಎಂದು ರೇಗಿ ಎರಡು ರೊಟ್ಟಿ ತಿಂದಳು. ಆಮೇಲೆ ಅಮ್ಮ ಫೋನನ್ನು ಮೇಘನಳ ಮುಂದೆ ಇಟ್ಟು, “ಬೆರಳಿಡು,” ಎಂದಳು.

“ಬೇಡ. ನಾಳೆ ಏನಾದ್ರೂ ಆದ್ರೆ ಮತ್ತೆ ನನ್ನ ತಲೆಗೇ ಬರತ್ತೆ.”

ಅಮ್ಮನ ಕಣ್ಣು ತುಂಬಿತು. ಮೇಘನ ನೋಡಿದರೂ ನೋಡದವಳಂತೆ ಗಣಿತದ ಪುಸ್ತಕ ತೆಗೆದಳು.

ಮರುದಿನ ಬೆಳಿಗ್ಗೆ ಹಾಲು ಹಾಕಲು ಅಮ್ಮನೇ ಹೊರಟಳು. ಮೇಘನಳನ್ನೂ ಕರೆದಳು. ಮುಚ್ಚಿಟ್ಟಿದ್ದು ಸಾಕು, ಯಾರಿಗೆ ಏನು ಕೇಳಬೇಕೋ ನನ್ನನ್ನೇ ಕೇಳಲಿ ಎಂದಳು.

ಡೈರಿಯಲ್ಲಿ ಎಂಟು ಹತ್ತು ಜನ ಕ್ಯಾನು ಹಿಡಿದು ನಿಂತಿದ್ದರು. ಸರೋಜಕ್ಕ ಮೇಜಿನ ಹಿಂದೆ ಹಾಲು ಟೆಸ್ಟ್ ಮಾಡುತ್ತಿದ್ದಳು. ಅವಳ ಫೋನು ಮೇಜಿನ ಮೇಲೆ ಎದುರಿಗೇ ಇತ್ತು. ಅಮ್ಮನನ್ನು ನೋಡಿ ಎಲ್ಲರೂ ಮಾತು ನಿಲ್ಲಿಸಿದರು.

“ಎಂತ ಪ್ರೇಮಕ್ಕ, ಈಗ ಹೇಗಿದ್ದೀರಿ? ಪಾಪ,” ಎಂದಳು ಸರೋಜಕ್ಕ.

“ಚೆನ್ನಾಗಿದ್ದೀನಿ. ಥೈರಾಯ್ಡ್, ಮಾತ್ರೆ ತಗೊಳ್ತಿದ್ದೀನಿ. ಅಂಟೋ ಕಾಯಿಲೆ ಅಲ್ಲ,” ಎಂದು ಅಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು. “ಮಕ್ಕಳನ್ನ ಇವತ್ತಿಂದ ಕಳಿಸಿ.”

“ಹೌದಾ. ನಂಗೆ ಎಂತದೂ ಗೊತ್ತಿಲ್ಲಪ್ಪ, ಯಾರೋ ಹೇಳಿದ್ರು.” ಸರೋಜಕ್ಕ ಮೇಘನಳನ್ನು ನೋಡಿ ನಕ್ಕಳು. “ಮಕ್ಕಳಿರೋ ಮನೇಲಿ ಗುಟ್ಟು ಎಲ್ಲಿ ನಿಲ್ಲತ್ತೆ. ಎಲ್ಲರ ಮಕ್ಕಳೂ ನಮ್ಮ ಅಮೂಲ್ಯನ ಹಾಗಿರಲ್ಲ. ಮಂಗಳೂರಲ್ಲಿದ್ರೂ ದಿನಾ ಫೋನು. ನಿನ್ನೇನೂ ಅರ್ಧ ಗಂಟೆ ಮಾತಾಡಿದ್ಲು.”

ಮೇಘನಳ ಮೈಯೆಲ್ಲ ಉರಿಯಿತು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಒಂದೇ ಒಂದು ಮಾತು ಸಾಕಿತ್ತು. ಕೇಳಲು ಎಂಟು ಹತ್ತು ಜನ ಕಿವಿ ತೆರೆದುಕೊಂಡು ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಊರನ್ನೆಲ್ಲ ಸುತ್ತಿ ಬರುತ್ತಿತ್ತು.

ಆಗ ಮೇಜಿನ ಮೇಲಿನ ಫೋನು ಟಿಣ್ ಎಂದಿತು. ಸರೋಜಕ್ಕ ಹಾಲಿನ ಅಳತೆಯನ್ನು ಅರ್ಧಕ್ಕೇ ಬಿಟ್ಟು ಅದರ ಮೇಲೆ ಬಾಗಿದಳು. ಯಾವುದೋ ಕಂಪನಿಯ ಆಫರ್ ಇರಬೇಕು. ಅವಳು ನಿಧಾನವಾಗಿ ಹಿಂದಕ್ಕೆ ಸರಿದು ಮತ್ತೆ ಅಳತೆ ಕೈಗೆತ್ತಿಕೊಂಡಳು. ಅದನ್ನು ಮೇಘನಳ ಹೊರತು ಅಲ್ಲಿ ಯಾರೂ ಗಮನಿಸಲಿಲ್ಲ. ಗಮನಿಸಿದ್ದರೂ ಅವರಿಗೆ ಏನೂ ತಿಳಿಯುತ್ತಿರಲಿಲ್ಲ.

ತಮ್ಮ ಸರದಿ ಬಂದಾಗ ಮೇಘನ ಕ್ಯಾನನ್ನು ಮೇಜಿನ ಮೇಲಿಟ್ಟು ಮುಂದಕ್ಕೆ ಬಾಗಿದಳು.

“ಸರೋಜಕ್ಕ,” ಎಂದಳು ಮೆಲ್ಲಗೆ, ಹಲ್ಲು ಕಚ್ಚಿಕೊಂಡೇ. “ಕುಮಾರಣ್ಣನ ಕಂಪ್ಯೂಟರಲ್ಲಿ ನಿಮ್ಮ ವಾಟ್ಸಾಪೂ ತೆರೆದೇ ಇದೆ. ಯಾರು ಬೇಕಾದ್ರೂ ಓದಬಹುದು. ಇವತ್ತೇ ಹೋಗಿ ತೆಗೆಸಿ.”

ಸರೋಜಕ್ಕನ ಕೈ ನಿಂತಿತು. ನಗು ಹಾಗೇ ಇತ್ತು, ಮುಖ ಮಾತ್ರ ಬಿಳಿಚಿಕೊಂಡಿತು.

“ನೀನು ನೋಡಿದ್ಯನೆ ಕೂಸೆ?” ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಅದು ಸರೋಜಕ್ಕನದೇ ಎಂದು ನಂಬುವುದು ಕಷ್ಟ.

ಇಲ್ಲ ಎನ್ನುವುದು ಸುಲಭವಿತ್ತು.

“ನೋಡಿದೆ,” ಎಂದಳು ಮೇಘನ. “ನೋಡಬಾರದಿತ್ತು. ಯಾರಿಗೂ ಹೇಳಿಲ್ಲ.”

ಸರೋಜಕ್ಕ ಹಾಲು ಅಳೆದು ಚೀಟಿ ಬರೆದು ಕೊಟ್ಟಳು. ಮುಂದಿನವರನ್ನು ಕರೆಯುವುದನ್ನೇ ಮರೆತಳು.

ಹಿಂತಿರುಗುವಾಗ ಅಮ್ಮ ಕೇಳಿದಳು. “ಅವಳಿಗೆ ಏನು ಹೇಳಿದೆ?”

“ಲಾಗೌಟ್ ಮಾಡಿಸಿ ಅಂದೆ.”

“ಅಷ್ಟಕ್ಕೆ ಹಾಗಾಗ್ತಾರಾ? ನೀನು ಅದರಲ್ಲಿ ಏನೋ ನೋಡಿದೀಯ. ಏನಿತ್ತು?”

ಮೇಘನ ಖಾಲಿ ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಸರೋಜಕ್ಕನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಅಮ್ಮನ ಮೇಲಿನದೂ ಪೂರ್ತಿ ಇಳಿದಿರಲಿಲ್ಲ. ಮೌಸ್ ಒತ್ತಿದ ತನ್ನ ಬೆರಳಿನ ಮೇಲೂ ಸಿಟ್ಟಿತ್ತು.

“ಹೇಳಲ್ಲ,” ಎಂದಳು.

“ನನ್ ಹತ್ರಾನೂ?”

“ನಿನ್ ಹತ್ರಾನೂ.”

ಅಮ್ಮ ರಸ್ತೆಯಲ್ಲೇ ನಿಂತು ಅವಳನ್ನು ನೋಡಿದಳು. ಮತ್ತೆ ಏನೂ ಕೇಳಲಿಲ್ಲ. ಕ್ಯಾನಿನ ಹಿಡಿಯ ಇನ್ನೊಂದು ಬದಿಯನ್ನು ತಾನು ಹಿಡಿದುಕೊಂಡು ಮಗಳ ಜೊತೆ ನಡೆದಳು.